ಅಸರ್ ನಂತರದ ಆಟ

ಕುಡಿಯಲು ನೀರಿಲ್ಲದ ವರ್ಷದಲ್ಲಿ ಹೆಂಗಸರ ಆಟಕ್ಕೆ ಯೋಜನೆ ಹಾಕಿದವಳನ್ನು ಮಂದಿ ಏನನ್ನಬೇಕು? ಹುಚ್ಚಿ ಅಂದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಂತೆ ಅಂದರು. ಅನ್ವರಿ ಬೇಗಂ ಎಲ್ಲವನ್ನೂ ಕೇಳಿಸಿಕೊಂಡಳು, ಬುರ್ಖಾ ಹಾಕಿಕೊಂಡಳು, ನೋಟುಬುಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಮೊಹಲ್ಲಾ ಕಮಿಟಿಯ ಬಾಗಿಲಿಗೆ ನಡೆದಳು. ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಸೀಟಿ ಊದಿ ಊದಿ ಅವಳ ಕಿವಿ ಗಟ್ಟಿಯಾಗಿತ್ತು. ಮಂದಿಯ ಮಾತು ಅಷ್ಟು ಸುಲಭಕ್ಕೆ ಒಳಗೆ ಇಳಿಯುತ್ತಿರಲಿಲ್ಲ.

ಇಳಿದು ಕೂತಿದ್ದ ಮಾತು ಒಂದೇ, ಅದೂ ಅವಳದೇ ಮಾತು. ಮೂವತ್ತೊಂದು ವರ್ಷ ಅವಳು ಊರವರ ಮಕ್ಕಳನ್ನೆಲ್ಲ ಓಡಿಸಿದ್ದಳು. ಮೆಹಕರದ ಹುಡುಗಿಯರು, ಔರಾದ ಕಡೆಯ ಹುಡುಗಿಯರು ಅವಳ ಕೈಯಲ್ಲಿ ತಯಾರಾಗಿ ಜಿಲ್ಲೆಗೆ ಹೋಗಿ ಗೆದ್ದು ಬಂದಿದ್ದರು. ಆ ಪೈಕಿ ಬೀದರಿನ ತನ್ನ ಸ್ವಂತ ಓಣಿಯ ಒಬ್ಬಳೂ ಇರಲಿಲ್ಲ. ಓಣಿಯ ಹುಡುಗಿಯರು ಹತ್ತು ವರ್ಷದವರೆಗೆ ಬೀದಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ಆಮೇಲೆ ಒಳಗೆ ಹೋದವರು ಹೊರಗೆ ಬರುತ್ತಿದ್ದುದು ಮದುವೆಯ ದಿನವೇ. ಇದು ಅನ್ವರಿಗೆ ಬಹಳ ನೋಯುತ್ತಿತ್ತು. ಮಕ್ಕಳಿಲ್ಲದ ವಿಧವೆ, ಪೆನ್ಷನ್ ಬರುತ್ತಿತ್ತು, ಸುಮ್ಮನೆ ತಸಬಿಯ ಜಪಮಣಿ ಎಣಿಸಿಕೊಂಡು ಇರಬಹುದಿತ್ತು. ಇರಲಿಲ್ಲ.

ಬೀದರಿನ ಹಳೆ ಪೇಟೆಯಲ್ಲಿ ಓಣಿಗಳಿಗೇ ತಾಲೀಮಿನ ಹೆಸರು. ಸುಲ್ತಾನರ ಕಾಲದಲ್ಲಿ ಗಂಡಸರು ಕುಸ್ತಿ, ಕತ್ತಿವರಸೆ ಕಲಿಯುತ್ತಿದ್ದ ಗರಡಿಗಳು ಅವು. ಅನ್ವರಿಯ ಓಣಿಯ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡ ಕೊನೆಯ ಪೈಲ್ವಾನ ಸತ್ತು ಮೂವತ್ತು ವರ್ಷವಾಗಿತ್ತು. ಉಳಿದಿದ್ದು ಎರಡಾಳೆತ್ತರದ ಕಲ್ಲಿನ ಗೋಡೆ, ನಡುವೆ ಬಯಲು, ಒಂದು ಬೇವಿನ ಮರ, ಒಂದೇ ಬಾಗಿಲು. ಆ ಗೋಡೆಯ ಪಕ್ಕದಲ್ಲಿ ಹಾದುಹೋಗುವಾಗೆಲ್ಲ ಅನ್ವರಿ ಯೋಚಿಸುತ್ತಿದ್ದಳು: ಪರದಾ ಬೇಕು ಅಂತೀರಲ್ಲ, ಇದಕ್ಕಿಂತ ದೊಡ್ಡ ಪರದಾ ಯಾವ ದರ್ಜಿ ಹೊಲಿದಾನು?

ಕಮಿಟಿಯ ಅಧ್ಯಕ್ಷ ಅಬ್ದುಲ ಖಾದರ, ಕಟ್ಟಿಗೆ ಅಡ್ಡೆಯ ಮಾಲಕ. ಕೆಟ್ಟವನಲ್ಲ. ಯಾವ ಹೊಸ ಮಾತಿಗೂ ಮೊದಲು ಇಲ್ಲ ಅಂದುಬಿಟ್ಟು, ಯಾಕೆ ಇಲ್ಲ ಎಂದು ಆಮೇಲೆ ಯೋಚಿಸುವ ಮನುಷ್ಯ, ಅಷ್ಟೇ. ಅವನ ಪಕ್ಕದಲ್ಲಿ ಮಸೀದಿಯಲ್ಲಿ ನಮಾಜು ಓದಿಸುವ ಕರೀಮ ಸಾಬ ಕೂತಿದ್ದರು. ಅನ್ವರಿಯ ಜೊತೆ ಜಿಜಾಬಾಯಿ ಬಂದಿದ್ದಳು. ಮೆಹಕರದ ಬೌದ್ಧರ ಮನೆಯವಳು, ಅದೇ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾಗಿ ಭಾಲ್ಕಿಯಲ್ಲಿ ಮನೆ ಮಾಡಿಕೊಂಡಿದ್ದವಳು. ಗಂಡಸರ ಎದುರು ಗೆಳತಿ ಒಬ್ಬಳೇ ಕೂರಬಾರದೆಂದು ಬಸ್ಸು ಹತ್ತಿ ಬಂದಿದ್ದಳು. ಓಣಿಯ ಮನೆಮಾತು ದಖನಿ ಉರ್ದು. ಜಿಜಾಬಾಯಿ ಇದ್ದಾಳೆಂದು ಎಲ್ಲರೂ ಕನ್ನಡಕ್ಕೆ ತಿರುಗಿದರು.

“ಆಟ ಅಂದ್ರ ಏನ್ರಿ ಟೀಚರ್? ಮನಿ ಕೆಲಸ ಸಾಲಂಗಿಲ್ಲೇನು ಹೆಣ್ಮಕ್ಕಳಿಗಿ?” ಅಬ್ದುಲ ಖಾದರ ಕೇಳಿದ.

“ಮನಿ ಕೆಲಸನೂ ಆಟನೇ ಅಂತಿದ್ರ, ಒಂದ ದಿನ ನೀವೇ ಆಡಿ ನೋಡ್ರಿ, ಖಾದರ ಭಾಯಿ.”

ಜಿಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅನ್ವರಿ ನೋಟುಬುಕ್ಕು ಬಿಚ್ಚಿದಳು. ಎರಡು ವರ್ಷ ಕೂತು ಬರೆದಿದ್ದು ಅದು. ದಿನದ ಐದು ನಮಾಜುಗಳನ್ನು ಗೆರೆ ಹಾಕಿ ಬರೆದು, ನಡುನಡುವೆ ಉಳಿಯುವ ಹೊತ್ತನ್ನು ಅಳೆದಿದ್ದಳು. ಮುಂಜಾನೆ ಒಲೆ, ಮಧ್ಯಾಹ್ನ ಬಿಸಿಲು, ಹೊತ್ತು ಮುಳುಗಿದ ಮೇಲೆ ಮತ್ತೆ ಒಲೆ. ಉಳಿಯುವುದು ಇಳಿಹೊತ್ತಿನ ಅಸರ್ ನಮಾಜು ಮುಗಿದು ಸಂಜೆಯ ಮಗ್ರಿಬ್ ಬಾಂಗ್ ಕೂಗುವ ತನಕದ ಎರಡು ತಾಸು ಮಾತ್ರ. ಆ ಎರಡು ತಾಸಿನಲ್ಲಿ ಬಾಗಿಲಿಗೆ ಕನಾತಿನ ಪರದೆ, ಬಾಗಿಲು ಕಾಯಲು ಮುದುಕಿ, ಸೀಟಿ ಊದುವವಳೂ ಹೆಂಗಸೇ. ತೋಳು ಮುಚ್ಚುವ ಕುರ್ತಾ, ಅಗಲ ಸಲ್ವಾರು. ಹಾಡು ಬಜಾವಣೆ ಇಲ್ಲ. ಮುದುಕಿಯರಿಗೆ ನಡಿಗೆ, ಬಾಣಂತನ ಮುಗಿಸಿದವರಿಗೆ ಕೈಕಾಲು ಸಡಿಲಿಸುವ ಕಸರತ್ತು, ಹುಡುಗಿಯರಿಗೆ ಖೋಖೋ ಮತ್ತು ಓಟ. ರಮಜಾನ್ ತಿಂಗಳು ಬಂದ್. ಬಾಂಗ್ ಕೇಳಿದ ಕ್ಷಣ, ಆಟ ಎಲ್ಲಿಗೆ ಬಂದಿರಲಿ, ಅಲ್ಲಿಗೇ ನಿಲ್ಲುವುದು.

ಅಬ್ದುಲ ಖಾದರ ಓದಿದ, ಮತ್ತೊಮ್ಮೆ ಓದಿದ. ತಪ್ಪು ಹುಡುಕಿದ, ಸಿಗಲಿಲ್ಲ. ಕೊನೆಗೆ ಕರೀಮ ಸಾಬರ ಕಡೆ ನೋಡಿದ.

“ಪೈಗಂಬರರು ತಮ್ಮ ಬೀಬಿ ಕೂಡ ಓಟದ ಪಂದ್ಯ ಆಡ್ಯಾರ,” ಅಂದಳು ಅನ್ವರಿ ಮೆಲ್ಲಗೆ. “ಒಮ್ಮಿ ಬೀಬಿ ಗೆದ್ದಾರ, ಒಮ್ಮಿ ಅವರು ಗೆದ್ದಾರ. ಸುಳ್ಳೇನ್ರಿ ಹಜರತ್?”

ಕರೀಮ ಸಾಬ ಗಡ್ಡ ನೀವಿಕೊಂಡರು. “ಆ ಮಾತ ಖರೆ ಅದ,” ಅಂದರು. 

ಆದರೂ ಅಬ್ದುಲ ಖಾದರ ಬರಿಗೈಯಲ್ಲಿ ಬಿಟ್ಟುಕೊಡುವವನಲ್ಲ. ತಾಲೀಮಿನ ಜಾಗದಲ್ಲಿ ಮದುವೆಗಳಿಗೊಂದು ಶಾದಿಖಾನೆ ಕಟ್ಟಬೇಕೆಂದು ಕಮಿಟಿಯ ಅರ್ಧ ಜನ ಹಟ ಹಿಡಿದಿದ್ದರು. “ರಮಜಾನ್ ಮುಂಚೆ ಮೂರು ತಿಂಗಳ ಸಿಗ್ತಾವ. ನಡಸ್ರಿ,” ಅಂದ. “ಕಡೀ ವಾರದ ಜುಮ್ಮಾ ದಿನ ಅಸರ್ ಆದ ಮ್ಯಾಲ ನಾನೇ ಬಾಗಿಲದಾಗ ಕೂತು ಎಣಸ್ತೇನಿ. ನಲವತ್ತ ಹೆಣ್ಮಕ್ಕಳು ಒಳಗ ಹೋದ್ರ ಜಾಗ ಕಾಯಂ ನಿಮ್ಮದು, ಬರದು ಕೊಡ್ತೇನಿ. ಒಬ್ಬಕಿ ಕಡಿಮಿ ಆದ್ರೂ ಶಾದಿಖಾನಾ.”

“ಆಗ್ಲಿರಿ,” ಅಂದಳು ಅನ್ವರಿ. ಹೊರಗೆ ಬಂದ ಮೇಲೆ ಅರವತ್ತೊಂದರ ಹೆಂಗಸು ಓಣಿಯ ನಡುವೆ ಜಿಜಾಬಾಯಿಯ ಕೈ ಹಿಡಿದುಕೊಂಡು ಸಣ್ಣ ಹುಡುಗಿಯಂತೆ ನಕ್ಕಳು.

ಎರಡು ಸಾವಿರದ ಹದಿನಾರನೆಯ ಇಸವಿ, ಮಾರ್ಚ್ ತಿಂಗಳು. ಮೂರನೇ ವರ್ಷದ ಬರ. ಹಳ್ಳಿಗಳು ಖಾಲಿಯಾಗುತ್ತಿದ್ದವು. ಔರಾದ ಕಡೆಯವರು ಗಂಟುಮೂಟೆ ಕಟ್ಟಿಕೊಂಡು ಬೀದರಿಗೆ ಬಂದು, ಇಲ್ಲಿ ಕೆಲಸ ಸಿಕ್ಕರೆ ಇದ್ದು, ಸಿಗದಿದ್ದರೆ ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಹಾಗೆ ಬಂದು ಓಣಿಯ ಕೊನೆಯಲ್ಲಿ ಒಂದೇ ಖೋಲಿ ಹಿಡಿದವರು ಚಿಂತಾಕಿಯ ಅಯ್ಯುಬ, ಅವನ ಹೆಂಡತಿ ಖೈರೂನಬಿ, ಹದಿನೈದರ ಮಗಳು ಬಿಲ್ಕೀಸ್. ಅಯ್ಯುಬ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿಗೆ ಹೋಗುತ್ತಿದ್ದ. ಖೈರೂನಬಿ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಬಿಲ್ಕೀಸಳ ಶಾಲೆ ಚಿಂತಾಕಿಯಲ್ಲೇ ಉಳಿದುಹೋಗಿತ್ತು.

ಮೊದಲ ದಿನ ಬಿಲ್ಕೀಸ್ ತಾಲೀಮಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು.

“ಇಲ್ಲಿ ಏನ ಮಾಡ್ತಾರ್ರಿ?”

“ಓಡ್ತಾರ,” ಅಂದಳು ಅನ್ವರಿ.

“ಯಾಕ? ಏನರ ಓಡಿಸ್ಕೊಂಡ ಬಂದಾದೇನು?”

“ಸುಮ್ಮ ಓಡ್ತಾರವ್ವ. ಖುಷಿಗಿ.”

ಹುಡುಗಿ ಅದನ್ನು ನಂಬಲಿಲ್ಲ. ಚಿಂತಾಕಿಯಲ್ಲಿ ಆಡು ಕಾಯುತ್ತಿದ್ದವಳು. ಓಡಿದ್ದೆಲ್ಲ ಆಡಿನ ಹಿಂದೆ, ಕೊಡದ ಹಿಂದೆ, ಬಸ್ಸಿನ ಹಿಂದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಓಢಣಿಯನ್ನು ಸೊಂಟಕ್ಕೆ ಸುತ್ತಿ, ಗೋಡೆಯಿಂದ ಗೋಡೆಗೆ ಒಮ್ಮೆ ಓಡಿಬಂದಳು. ಅನ್ವರಿಯ ಬಾಯಲ್ಲಿದ್ದ ಸೀಟಿ ಬಾಯಲ್ಲೇ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ಅಂಥ ಕಾಲನ್ನು ಅವಳು ಎರಡು ಸಲ ನೋಡಿದ್ದಳೇನೋ. ಓಡಿ ಬಂದ ಹುಡುಗಿ ಏದುಸಿರು ಬಿಡುತ್ತ ಬೇವಿನ ಬೊಡ್ಡೆಗೆ ಒರಗಿದಳು.

“ಟೀಚರಮ್ಮ, ಇನ್ನೊಮ್ಮಿ ಓಡ್ಲೇನ್ರಿ? ಯಾರೂ ಏನೂ ಅನ್ನಂಗಿಲ್ಲಲ್ಲ?”

“ಯಾರ ಅಂತಾರ? ಓಡು.”

ಅವತ್ತಿನಿಂದ ಬಿಲ್ಕೀಸ್ ಅಸರ್ ಬಾಂಗಿಗಿಂತ ಮೊದಲೇ ಬಾಗಿಲಲ್ಲಿ ಹಾಜರು. ಮಾತಿನ ಮಲ್ಲಿ. ಮುದುಕಿಯರ ನಡಿಗೆಯನ್ನು ಅಣಕಿಸುವಳು, ಅವರಿಂದ ಬೈಸಿಕೊಳ್ಳುವಳು, ಆಮೇಲೆ ಅವರ ಕೈ ಹಿಡಿದು ತಾನೇ ನಡೆಸುವಳು. ಅವಳನ್ನು ನೋಡಲೆಂದೇ ನಾಲ್ಕು ಮಂದಿ ಹೆಚ್ಚು ಬಂದರು. ಮೂರು ಮಂದಿ ಇದ್ದದ್ದು ಮೂವತ್ತೈದಾಯಿತು, ನಲವತ್ತನಾಲ್ಕಾಯಿತು. ಅನ್ವರಿಗೆ ಅವಳ ಮೇಲೆ ಜೀವ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮನೆಯಿಂದ ಶೇಂಗಾ ಬೆಲ್ಲ ಕಟ್ಟಿಕೊಂಡು ಬರುತ್ತಿದ್ದಳು, ಅಷ್ಟೇ.

ಏಪ್ರಿಲ್ ಬಂತು. ಓಣಿಯ ಬೋರುಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಕಮಿಟಿಯವರೇ ಚಂದಾ ಎತ್ತಿ ಟ್ಯಾಂಕರ್ ಗೊತ್ತು ಮಾಡಿದರು. ಜನವಾಡದ ಆಚೆಯ ಯಾವುದೋ ಬಾವಿಯ ನೀರು. ದಿನಕ್ಕೊಂದು ಟ್ಯಾಂಕರ್, ಬರುವುದು ಅಸರ್ ನಮಾಜು ಮುಗಿದ ಮೇಲೆ.

ಒಂದು ವಾರದಲ್ಲಿ ತಾಲೀಮು ಬರಿದಾಯಿತು. ಆಡಲು ಬರುತ್ತಿದ್ದ ಹೆಂಗಸರೇ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದರು. ಬಿಲ್ಕೀಸ್ ಕೂಡ. ಅವಳ ಕಾಲನ್ನು ಓಣಿಯವರು ಬಹುಬೇಗ ಪತ್ತೆ ಮಾಡಿದ್ದರು. ಟ್ಯಾಂಕರ್ ನಿಲ್ಲುವ ಮೊದಲೇ ಯಾರು ಹೋಗಿ ಪೈಪು ಹಿಡಿಯುತ್ತಾರೋ ಅವರ ಕಡೆಯ ಕೊಡಗಳಿಗೆ ಮೊದಲು ನೀರು. ಪಕ್ಕದ ಮನೆಯವರು, ಆಚೆ ಮನೆಯವರು ತಮ್ಮ ಪೈಪನ್ನು ಹುಡುಗಿಯ ಕೈಗೆ ಕೊಟ್ಟು ಓಣಿಯ ಬಾಯಿಗೆ ನಿಲ್ಲಿಸುತ್ತಿದ್ದರು. ಅವಳು ಟ್ಯಾಂಕರಿನ ಪಕ್ಕದಲ್ಲೇ ಓಡಿಬಂದು ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದಳು. ಅನ್ವರಿ ಒಂದು ಸಂಜೆ ಅದನ್ನು ನೋಡಿದಳು. ನೋಡಿ ಅಡ್ಡಿ ಮಾಡಲಿಲ್ಲ. ಖರೆ ಹೇಳಬೇಕೆಂದರೆ, ಹೆಮ್ಮೆಪಟ್ಟಳು. ಆಮೇಲೆ ಬದುಕಿರುವ ತನಕ ಅವಳನ್ನು ಸುಟ್ಟದ್ದು ಆ ಹೆಮ್ಮೆ.

“ನಮಾಜಿನ ಹೊತ್ತು ನೋಡಿ ಬರದಿ, ಒಲಿ ಹೊತ್ತ ನೋಡಿ ಬರದಿ. ನೀರಿನ ಹೊತ್ತು ಬರ್ಲೇ ಇಲ್ಲ ನಿನ್ನ ಲೆಕ್ಕದಾಗ,” ಅಂದಳು ಜಿಜಾಬಾಯಿ. ವಾರಕ್ಕೊಮ್ಮೆ ಬಂದು ಬಾಗಿಲು ಕಾಯುವ ಕೆಲಸ ಅವಳೇ ವಹಿಸಿಕೊಂಡಿದ್ದಳು. ಅವತ್ತು ಬಯಲಿನಲ್ಲಿ ಇದ್ದವರು ಒಂಬತ್ತು ಮಂದಿ.

“ಹ್ಯಾಂಗ ಬರೀಲಿ? ನೀರು ಯಾವಾಗರ ಹೊತ್ತ ಕೇಳಿ ಬರ್ತಿದ್ವೇನು ನಮ್ಮ ಮನಿಗಿ?” ಅನ್ವರಿ ಬಯಲಿನತ್ತ ಕೈ ತೋರಿಸಿದಳು. “ಒಂಬತ್ತ ಮಂದಿ ಜಿಜಾಬಾಯಿ. ನಲವತ್ತ ಎಲ್ಲಿಂದ ತರ್ಲಿ?”

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅಬ್ದುಲ ಖಾದರನ ಅಡ್ಡೆಗೆ ಹೋದಳು. ಟ್ಯಾಂಕರಿನ ಹೊತ್ತು ಬದಲು ಮಾಡಿಸಿರೆಂದು ಕೇಳಿದಳು. ಅವನು ಟ್ಯಾಂಕರಿನವನಿಗೆ ಫೋನು ಹಚ್ಚಿದ. ಹಗಲೆಲ್ಲ ಬೇರೆ ಓಣಿಗಳ ಪಾಳಿ. ಬಿಡುವಿರುವುದು ಒಂದೇ, ನಸುಕಿನಲ್ಲಿ, ಬೆಳಗಿನ ಫಜರ್ ನಮಾಜಿನ ಹೊತ್ತಿಗೆ.

“ಅಷ್ಟ ಜಲ್ದಿ ಆಗ್ತದೇನ್ರಿ ಹೆಣ್ಮಕ್ಕಳಿಗಿ?” ಅಬ್ದುಲ ಖಾದರನೇ ಅನುಮಾನಪಟ್ಟ.

“ಫಜರ್‌ಗಿ ಹ್ಯಾಂಗೂ ಏಳ್ತಾರಲ್ರಿ. ಎದ್ದವರು ನೀರ ತುಂಬ್ತಾರ. ಸಂಜಿ ಹೊತ್ತ ಉಳೀತದ.”

ಮಾತು ಅಷ್ಟು ಸರಿಯಾಗಿತ್ತು ನೋಡಿ, ಇಬ್ಬರಿಗೂ ಅದರಲ್ಲಿ ತೂತು ಕಾಣಿಸಲಿಲ್ಲ. ಫಜರ್‌ಗೆ ಇಡೀ ಓಣಿ ಏಳುವುದು ನಿಜ. ಆದರೆ ಎದ್ದ ಗಂಡಸರು ಹೋಗುವುದು ಮಸೀದಿಗೆ. ಸಂಜೆಯಾದರೆ ಓಣಿಯ ಬಾಯಲ್ಲಿ ಹತ್ತು ಗಂಡಸರು ಇರುತ್ತಿದ್ದರು. ಏ ನಿಲ್ಲಿಸೋ ಅನ್ನುವವರು, ಹಿಂದೆ ಸರಿಯಿರಿ ಅನ್ನುವವರು, ಟ್ಯಾಂಕರಿನವನಿಗೆ ಬೈಯುವವರು. ನಸುಕಿನಲ್ಲಿ ಅವರೆಲ್ಲ ಕರೀಮ ಸಾಬರ ಹಿಂದೆ ಸಾಲುಗಟ್ಟಿ ನಿಂತಿರುತ್ತಾರೆ, ಓಣಿಯಲ್ಲಿ ಉಳಿಯುವುದು ಅರೆಗತ್ತಲು, ಹೆಂಗಸರು, ಕೊಡಗಳು. ಹುಟ್ಟಿದಾಗಿನಿಂದ ಬಾಂಗು ಕೇಳಿ ಬೆಳೆದ ಇಬ್ಬರು ಕೂತು ಯೋಚಿಸಿದರೂ ಇದು ಹೊಳೆಯಲಿಲ್ಲ. ಜಿಜಾಬಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. “ಕತ್ತಲದಾಗ ನೂಕಾಡ್ತಾರಲ್ಲ ಅನ್ವರಿ,” ಅಂದಳು. “ನಾಕ ದಿನ. ರೂಢಿ ಆಗ್ತದ,” ಅಂದಳು ಅನ್ವರಿ.

ರೂಢಿಯೂ ಆಯಿತು. ಮೇ ತಿಂಗಳಲ್ಲಿ ಹೆಂಗಸರು ತಿರುಗಿ ಬಂದರು. ಹದಿನೆಂಟು, ಇಪ್ಪತ್ತಾರು, ಮೂವತ್ತೊಂದು. ಕೆಲವರು ಹೈದರಾಬಾದಿಗೆ ಹೋಗಿಬಿಟ್ಟಿದ್ದರು, ಅವರ ಬದಲಿಗೆ ಹೊಸಬರು ಬಂದರು. ಕೊನೆಯ ವಾರದ ಮಂಗಳವಾರ ಮೂವತ್ತೆಂಟು. ಆ ಸಂಜೆ ಖೋಖೋದಲ್ಲಿ ಬಿಲ್ಕೀಸ್ ಯಾರ ಕೈಗೂ ಸಿಗಲಿಲ್ಲ. ಮಗ್ರಿಬ್ ಬಾಂಗು ಕೇಳಿ ಎಲ್ಲರೂ ನಿಂತಲ್ಲೇ ನಿಂತಾಗ ಅವಳೊಬ್ಬಳು ಇನ್ನೂ ಎರಡು ಹೆಜ್ಜೆ ಓಡಿದಳು, ನಾಲಿಗೆ ಕಚ್ಚಿಕೊಂಡಳು. ಅನ್ವರಿ ಕಂಡೂ ಕಾಣದಂತೆ ಸೀಟಿಯನ್ನು ಚೀಲಕ್ಕೆ ಹಾಕಿದಳು. ಶುಕ್ರವಾರಕ್ಕೆ ಇಬ್ಬರು ಬೇಕು, ಇಬ್ಬರೇ. ಸಿಗುತ್ತಾರೆ.

ಬುಧವಾರ ನಸುಕಿನಲ್ಲಿ ಅನ್ವರಿ ಫಜರ್ ನಮಾಜಿನ ಎರಡನೇ ರಕಾತಿನಲ್ಲಿ, ಕೊನೆಯ ಸುತ್ತಿನಲ್ಲಿದ್ದಳು. ಓಣಿಯ ಬಾಯಲ್ಲಿ ಟ್ಯಾಂಕರಿನ ಸದ್ದು ಕೇಳಿತು. ಆಮೇಲೆ ತಾಮ್ರದ ಕೊಡ ಉರುಳಿದ ಸದ್ದು, ಒಬ್ಬ ಹೆಂಗಸಿನ ಕೂಗು, ಆಮೇಲೆ ಬಹಳ ಹೆಂಗಸರ ಕೂಗು. ನಮಾಜು ಮುರಿಯುವಂತಿಲ್ಲ ಎಂದು ಅವಳು ಮುಗಿಸಿದಳು. ಬಲಕ್ಕೆ ಸಲಾಮು ಹೇಳಿದಳು, ಎಡಕ್ಕೆ ಸಲಾಮು ಹೇಳಿದಳು, ಎದ್ದಳು. ಹೊಸ್ತಿಲು ದಾಟುವ ಮೊದಲೇ ಅವಳಿಗೆ ಗೊತ್ತಾಗಿತ್ತು.

ಕರೆಂಟು ಇರಲಿಲ್ಲ. ಡ್ರೈವರನಿಗೆ ಎಡಗಡೆ ಯಾರಿದ್ದಾರೆಂದು ಕಾಣಿಸಿರಲಿಲ್ಲ. ಮುಂದಿನವರು ನೂಕಿದರು, ಹಿಂದಿನವರು ನೂಕಿದರು, ಪಕ್ಕದಲ್ಲಿ ಪೈಪು ಹಿಡಿದು ಓಡುತ್ತಿದ್ದ ಹುಡುಗಿ ಹಿಂದಿನ ಗಾಲಿಯ ಕೆಳಗೆ ಹೋದಳು. ಗಂಡಸರು ಮಸೀದಿಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಖೈರೂನಬಿ ಅಳಲಿಲ್ಲ. ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಓಢಣಿ ಸರಿಪಡಿಸುತ್ತಿದ್ದಳು, ಮಂದಿ ನೋಡುತ್ತಾರೆ ಅಂತ. ಸುತ್ತ ಟ್ಯಾಂಕರಿನ ನೀರು ಹರಿಯುತ್ತಿತ್ತು. ಆ ನೀರನ್ನು ಅವತ್ತು ಯಾರೂ ತುಂಬಿಕೊಳ್ಳಲಿಲ್ಲ.

ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು ಮಾಡಿದರು. ಅನ್ವರಿ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಸುದ್ದಿ ಕೇಳಿ ಜಿಜಾಬಾಯಿ ಭಾಲ್ಕಿಯಿಂದ ಬಂದಳು. ‘ನಾನು ಹೇಳಿದ್ದೆನಲ್ಲ’ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಅನ್ವರಿಗೆ ಯಾರಾದರೂ ಬೈಯಬೇಕಾಗಿತ್ತು. ಗೆಳತಿ ಸುಮ್ಮನೆ ಚಹಾ ಮಾಡಿದಳು, ಕುಡಿ ಅಂದಳು, ಅದು ಆರಿ ಕೆನೆಗಟ್ಟಿತು.

“ನಾನೇ ಕೊಂದೆ,” ಅಂದಳು ಅನ್ವರಿ.

“ಹಂಗ ಅನಬ್ಯಾಡ.”

“ಮತ್ತ್ಯಾರು? ಟೈಮ್ ಬದಲಿ ಮಾಡಿಸಿದವರು ಯಾರು? ಓಡು ಓಡು ಅಂದವರು ಯಾರು?”

 ಜಿಜಾಬಾಯಿ ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ. ಅನ್ವರಿಯ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು, ತಾನೂ ಅತ್ತಳು.

ಮೂರನೆಯ ದಿನದ ಜಿಯಾರತ್ ಶುಕ್ರವಾರ ಬಂತು. ಸತ್ತವರ ಹೆಸರಿನಲ್ಲಿ ಕುರಾನು ಓದುವ ದಿನ. ಗಂಡಸರು ಮಸೀದಿಯಲ್ಲಿ ಕೂತರು. ಹೆಂಗಸರಿಗೆ ಕೂರಲು ಜಾಗವಿಲ್ಲ. ಅಯ್ಯುಬನ ಖೋಲಿಯಲ್ಲಿ ಎಂಟು ಮಂದಿ ಕೂತರೆ ಒಂಬತ್ತನೆಯವಳು ಬೀದಿಯಲ್ಲಿ. ಯಾರೋ ತಾಲೀಮು ಇದೆಯಲ್ಲ ಅಂದರು. ಗೋಡೆ ಇದೆ, ಕನಾತಿದೆ, ಅತ್ತರೆ ಹೊರಗೆ ಕೇಳುವುದಿಲ್ಲ. ಅನ್ವರಿ ಬೀಗ ತೆಗೆದು ಜಮಖಾನೆ ಹಾಸಿದಳು. ಅಸರ್ ಮುಗಿದದ್ದೇ ಹೆಂಗಸರು ಬರತೊಡಗಿದರು. ಓಣಿಯವರು, ಪಕ್ಕದ ಓಣಿಯವರು, ಎಂದೂ ತಾಲೀಮಿಗೆ ಕಾಲಿಡದ ದೊಡ್ಡ ಮನೆಗಳ ಬೇಗಮರು, ಚಿಂತಾಕಿಯಿಂದ ಬಸ್ಸಿನಲ್ಲಿ ಬಂದ ನೆರೆಹೊರೆಯವರು. ಆ ಚಿಂತಾಕಿಯವರಲ್ಲಿ ಪುತಳಾಬಾಯಿ ಎಂಬ ಕುರಿ ಕಾಯುವ ಮುದುಕಿ ಬಾಗಿಲಲ್ಲಿ ತಡೆದು ನಿಂತು, ನಾ ಒಳಗ ಬರಬಹುದೇನ್ರಿ ಎಂದು ಕೇಳಿ, ಒಳಗೆ ಬಂದು, ಕೂಸಿದ್ದಾಗ ಎತ್ತಿ ಆಡಿಸಿದ್ದೆ ಎಂದು ಹೇಳಿ ಎದೆ ಬಡಿದುಕೊಂಡಳು. ಬೇವಿನ ಕೆಳಗೆ ಜಮಖಾನೆ ಸಾಲದೆ ಹೆಂಗಸರು ಮಣ್ಣಿನಲ್ಲೇ ಕೂತರು.

ಓದು ಮುಗಿದು ಎಲ್ಲರೂ ಹೊರಟಮೇಲೆ ಅಬ್ದುಲ ಖಾದರ ಬಾಗಿಲಿನ ಹೊರಗೆ ನಿಂತಿದ್ದ. ಕಣ್ಣು ಕೆಂಪಗಿದ್ದವು. ಕೈಯಲ್ಲಿ ಕಮಿಟಿಯ ಮೊಹರು ಒತ್ತಿದ ಕಾಗದ.

“ಎಪ್ಪತ್ತೆರಡ ಮಂದಿ ಬಂದಾರ,” ಅಂದ. “ಇವತ್ತೇ ಆ ಜುಮ್ಮಾ. ನಾ ಮಾತ ಕೊಟ್ಟಿದ್ದೆ. ತಾಲೀಮ್ ಕಾಯಂ ನಿಮ್ಮದು, ಆಪಾ. ಆ ಹುಡುಗಿ ಹೆಸರ ಮ್ಯಾಲರ ಉಳೀಲಿ.”

ಅವನು ಮನಸ್ಸಿನಿಂದಲೇ ಹೇಳಿದ್ದ. ಟ್ಯಾಂಕರಿನವನಿಗೆ ಫೋನು ಹಚ್ಚಿದ ಕೈ ತನ್ನದೇ ಎಂದು ಅವನಿಗೂ ಗೊತ್ತಿತ್ತು. ಅದಕ್ಕೆ ಏನಾದರೊಂದು ಕೊಡಬೇಕೆಂದು ಆ ಕಾಗದ ತಂದಿದ್ದ. ಅನ್ವರಿ ಅದನ್ನು ನೋಡಿದಳು. ಎರಡು ವರ್ಷ ಬರೆದದ್ದು, ಮೂವತ್ತೊಂದು ವರ್ಷ ಬಯಸಿದ್ದು. ಹೀಗೆ ಕೈಗೆ ಬರಬಾರದಿತ್ತು.  ಕಾಗದವನ್ನು ತೆಗೆದುಕೊಂಡಳು, ಹರಿಯಲಿಲ್ಲ.

“ಖಾದರ ಭಾಯಿ, ನಾಳಿಂದ ಟ್ಯಾಂಕರ್ ಮೊದಲಿನಂಗ ಅಸರ್ ಆದ ಮ್ಯಾಲೇ ಬರ್ಬೇಕು. ಗಂಡಸರು ಎದುರಿಗಿ ಇರ್ಬೇಕು. ನಸುಕಿನಾಗ ಬ್ಯಾಡ.”

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. “ಆ ಹೊತ್ತಿಗಿ ಟ್ಯಾಂಕರ್ ಬಂದ್ರ, ಇಲ್ಲಿಗಿ ಯಾರ ಬರ್ತಾರ್ರಿ?”

“ಯಾರೂ ಬರಂಗಿಲ್ರಿ.”

“ಬ್ಯಾರೆ ಹೊತ್ತ ಇಟ್ಕೋರಿ ಮತ್ತ.”

“ಬ್ಯಾರೆ ಹೊತ್ತ ಇಲ್ರಿ. ಎಲ್ಲಾ ನೋಡೀನಿ. ಇದ್ದದ್ದು ಅದೊಂದೇ.”

 ಅಬ್ದುಲ ಖಾದರ ಫೋನು ತೆಗೆದ. ಅನ್ವರಿ ತಾಲೀಮಿನ ಬಾಗಿಲು ಎಳೆದು ಬೀಗ ಹಾಕಿದಳು.

ಮರುದಿನ ಅಸರ್ ನಮಾಜು ಮುಗಿಸಿ, ಕೊಡ ತೆಗೆದುಕೊಂಡು ಓಣಿಯ ಬಾಯಿಗೆ ಹೋದಳು. ಇಷ್ಟು ದಿನ ಅವಳ ಪಾಲಿನ ನೀರನ್ನು ಹುಡುಗಿಯರು ತಂದುಕೊಡುತ್ತಿದ್ದರು, ಟೀಚರಮ್ಮ ಅಂತ. ಟ್ಯಾಂಕರ್ ನಿಧಾನಕ್ಕೆ ಬಂತು. ಇಬ್ಬರು ಗಂಡಸರು ಮುಂದೆ ನಡೆದು ದಾರಿ ಬಿಡಿಸಿದರು. ಯಾರೂ ಓಡಲಿಲ್ಲ, ಯಾರೂ ನೂಕಲಿಲ್ಲ. ಒಂದು ಹುಡುಗಿಯ ಜೀವ ಹೋದ ಮೇಲೆ ಓಣಿಗೆ ಸಾಲು ಹಚ್ಚಲು ಬಂತು.

ಸಾಲಿನಲ್ಲಿ ತನ್ನ ಮುಂದೆ ನಿಂತವಳು ಖೈರೂನಬಿ ಎಂದು ಅನ್ವರಿಗೆ ತಡವಾಗಿ ಗೊತ್ತಾಯಿತು. ಅಲ್ಲಿಂದ ತಪ್ಪಿಸಿಕೊಂಡು ಹೋಗಬೇಕೆನಿಸಿತು. ಹೋಗಲಿಲ್ಲ. ಮೂರು ರಾತ್ರಿ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೇಳಲೇಬೇಕಾಗಿತ್ತು.

“ಖೈರೂನ್, ನಿನಗ ಒಂದ ಮಾತ ಹೇಳಬೇಕಾಗ್ಯಾದ. ಟ್ಯಾಂಕರ್ ನಸುಕಿನಾಗ ಬರೋಹಂಗ ಮಾಡಿದವರು...”

“ನನಗ ಗೊತ್ತದರಿ.”

ಖೈರೂನಬಿ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅನ್ವರಿ ಆ ಕಡೆ ನೋಡಬಲ್ಲವಳಾಗಿದ್ದಳು.

“ಸೋಮವಾರ ಹೈದರಾಬಾದಿಗಿ ಹೋಗ್ತೇವ್ರಿ ನಾವು. ಅವರಿಗಿ ಇಲ್ಲಿ ಇರಲಿಕ್ಕಿ ಆಗವಲ್ದು,” ಅಂದಳು. “ಹೋಗೋಕಿಂತ ಮುಂಚೆ ನಾನೂ ನಿಮಗ ಹೇಳಬೇಕಂತಿದ್ದೆ. ನೀವು ಟೈಮ್ ಬದಲಿ ಮಾಡಿಸಿದ್ದು ಅಕಿಗಿ ಅವತ್ತೇ ಗೊತ್ತಾಗಿತ್ರಿ. ಓಡ್ಕೋತ ಬಂದಳು ಮನಿಗಿ. ನಾ ಪಾತ್ರಿ ತಿಕ್ಕಲತ್ತಿದ್ದೆ, ನನಗ ಎತ್ತಿ ಗರಗರ ತಿರುಗಿಸಿದಳು. ‘ಅಮ್ಮಿ, ಇನ್ನ ಸಂಜಿ ನಂದೇ, ಸಂಜಿಗಿ ನನಗ ಏನೂ ಹೇಳಬ್ಯಾಡ’ ಅಂದಳು. ಅಷ್ಟ ಖುಷಿ ನಾ ಅಕಿಗಿ ಎಂದೂ ಕೊಟ್ಟಿದ್ದಿಲ್ರಿ.”

ಹಿಂದಿನವರು ಮುಂದೆ ಸರೀರಿ ಅಂದರು. ಇಬ್ಬರೂ ಕೊಡ ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಹೋಗಿ ನಿಂತರು.